ಸತ್ತ ಕುದುರೆಯ ಬಾಲ

ಗಂಗಾವತಿ ಸೀಮೆಯ ಆನೆಗುಂದಿಯಲ್ಲಿ ನಿಂತು ಹೊಳೆಯಾಚೆಯ ಹಂಪಿಯ ಸಿರಿ ವರ್ಣಿಸುವವರೆಲ್ಲ ಡೊಮಿಂಗೊ ಪಾಯೆಸ್‌ನನ್ನು ಕರೆತರುತ್ತಾರೆ. 1520ರ ಸುಮಾರಿಗೆ ಬಂದ ಆ ಪೋರ್ಚುಗೀಸ ವಿಜಯನಗರವನ್ನು ರೋಮ್‌ಗೆ ಹೋಲಿಸಿದ. ನಮಗೆ ಅಷ್ಟೇ ಸಾಕಾಯಿತು. ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟಿಸಿದ 'ಎ ಫರ್ಗಾಟನ್ ಎಂಪೈರ್' ಪುಸ್ತಕದಲ್ಲಿ ಪಾಯೆಸ್‌ನ ಜೊತೆಗೇ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್‌ನ ಬರಹವೂ ಇದೆ. ನನಗೆ ಅದೇ ಹೆಚ್ಚು ಮುಖ್ಯ.

ಸಾಳುವ ನರಸಿಂಹ ಹೊರ್ಮುಜ್, ಏಡನ್‌ಗಳ ಕುದುರೆಗಳನ್ನು ಕೇಳಿದ ಬೆಲೆಗೆ ಕೊಳ್ಳುತ್ತಿದ್ದನಂತೆ. ಕಡಲಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದರೂ ಪೂರ್ತಿ ಹಣ! ಸುಮಾರು ಐವತ್ತು ವರ್ಷ ಹಳೆಯ ಸುದ್ದಿ, ಅದೂ ಮಾರುವವನ ಬಾಯಲ್ಲಿ; ಉಪ್ಪುಖಾರ ಬೆರೆತಿರಬಹುದು. ಆದರೂ ಕಡಲಿನ ನಷ್ಟ ಯಾರ ತಲೆಗೆ ಬೀಳುತ್ತಿತ್ತು ಎಂಬುದು ತಿಳಿಯುತ್ತದೆ.

ವಿಜಯನಗರ ಬಿದ್ದಮೇಲೆ ಪೋರ್ಚುಗೀಸರ ವ್ಯಾಪಾರವೂ ನೆಲಕಚ್ಚಿತು ಎನ್ನುತ್ತಾರೆ ಸಿವೆಲ್. ಕೊಳ್ಳುವವನಿಲ್ಲದೆ ಮಾರುವವನಿಲ್ಲ, ನಿಜ. ಆದರೆ ಈ ಮಾತು ಇಬ್ಬರನ್ನೂ ಸರಿಸಮಾನರೆಂಬಂತೆ ತೋರಿಸುತ್ತದೆ. ಕುದುರೆ ಸಾಕಿದವರು ಅರಬರು, ಪರ್ಷಿಯನ್ನರು, ಹಣ ನಮ್ಮದು. ಪೋರ್ಚುಗೀಸರ ಬಳಿ ಇದ್ದದ್ದು ಫಿರಂಗಿ ಹೊತ್ತ ಹಡಗು, 1510ರಲ್ಲಿ ಹಿಡಿದ ಗೋವೆ, 1515ರಲ್ಲಿ ಹಿಡಿದ ಹೊರ್ಮುಜ್. ದಾರಿಯ ಎರಡೂ ತುದಿ ಅವರ ಕೈಗೆ ಬಂದವು. 1547ರ ಹೊತ್ತಿಗೆ, ಗೋವೆಯ ಕುದುರೆ ಬಿಜಾಪುರಕ್ಕೆ ಹೋಗದೆ ತನಗೇ ಸಿಗಲೆಂದು ವಿಜಯನಗರ ಅವರೊಡನೆ ಕರಾರು ಮಾಡಿಕೊಳ್ಳಬೇಕಾಯಿತು.

ಕನ್ನಡ ಕರಾವಳಿಯಲ್ಲಿ ಹಡಗುಗಳೇ ಇರಲಿಲ್ಲವೆಂದಲ್ಲ. ಹೊನ್ನಾವರದ ತಿಮ್ಮಯ್ಯನ ಬಳಿ ಇದ್ದವು. ಗೋವೆ ಹಿಡಿಯಲು ಅಲ್ಬುಕರ್ಕ್‌ನ ಬೆಂಬಲಕ್ಕೆ ಹೋದವನು ಆತನೇ.