ತೇಲಿಬಿಟ್ಟ ಕಂಬಗಳು

ಲೇಖನದ ಬದಿಯಲ್ಲೊಂದು ಚಿತ್ರ, ಅದನ್ನು ಬಳಸಿಕೊಂಡು ಹರಿಯುವ ಸಾಲುಗಳು. ಅಚ್ಚಿನ ಪತ್ರಿಕೆಯ ಈ ಚೆಂದವನ್ನು ವೆಬ್ ಪುಟಕ್ಕೆ ತರಲೆಂದೇ ಫ್ಲೋಟ್ ಹುಟ್ಟಿತು. 1996ರ ಡಿಸೆಂಬರ್‌ನಲ್ಲಿ ಬಂದ, ವೆಬ್ ಪುಟದ ರೂಪವನ್ನು ಬರೆಯುವ ಭಾಷೆಯಾದ ಸಿಎಸ್‌ಎಸ್‌ನ ಮೊದಲ ಆವೃತ್ತಿಯಲ್ಲೇ ಅದಿತ್ತು. ಆ ಕೆಲಸವನ್ನು ಇಂದಿಗೂ ಅದು ಸೊಗಸಾಗಿ ಮಾಡುತ್ತದೆ. ತೊಡಕು ಶುರುವಾದದ್ದು ಇಡೀ ಪುಟದ ಕಾಲಂಗಳ ಭಾರವನ್ನು ಅದರ ಮೇಲೆ ಹೊರಿಸಿದಾಗ.

ಹೊರಿಸಿದ್ದಕ್ಕೆ ಕಾರಣವಿತ್ತು. ಆಗ ಕಾಲಂ ಬೇಕೆಂದರೆ ಟೇಬಲ್ಲಿನೊಳಗೆ ಟೇಬಲ್ ತುರುಕಬೇಕಿತ್ತು. ಬರಹವೂ ವಿನ್ಯಾಸವೂ ಬಿಡಿಸಲಾಗದಂತೆ ಹೆಣೆದುಕೊಳ್ಳುತ್ತಿದ್ದವು. ಫ್ಲೋಟ್ ಆ ಗಂಟು ಬಿಚ್ಚಿತು. 2003ರಲ್ಲಿ ವಿನ್ಯಾಸಕ ಡೇವ್ ಶೇ ಆರಂಭಿಸಿದ ಸಿಎಸ್‌ಎಸ್ ಝೆನ್ ಗಾರ್ಡನ್ ಎಂಬ ತಾಣ, ಒಂದೇ ಎಚ್‌ಟಿಎಂಎಲ್‌ಗೆ ಎಷ್ಟು ಬಗೆಯ ಉಡುಗೆ ತೊಡಿಸಬಹುದೆಂದು ತೋರಿಸಿತು. ಈ ಉಪಕಾರ ದೊಡ್ಡದು.

ಆದರೆ ಲೆಕ್ಕ ನೋಡಿ. ಪುಟದ ಅಗಲ 960 ಪಿಕ್ಸೆಲ್. ಎಡಕ್ಕೆ 700ರ ಮುಖ್ಯ ಕಾಲಂ, ನಡುವೆ 20ರ ಮಾರ್ಜಿನ್, ಬಲಕ್ಕೆ 240ರ ಕಾಲಂ. ಸರಿಹೋಯಿತು. ಬಲಗಡೆಯದಕ್ಕೆ ಸುತ್ತ ಒಂದು ಪಿಕ್ಸೆಲ್ ಗೆರೆ ಹಾಕಿದರೆ ಮೊತ್ತ 962; ಕಾಲಂ ಜಾರಿ ಮುಖ್ಯ ಬರಹದ ಕೆಳಗೆ ಕೂರುತ್ತದೆ. ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರಲ್ಲಿ ಗೆರೆಯೂ ಬೇಕಿರಲಿಲ್ಲ. ‘ಮಾಡಬೇಕಾಗಿರುವುದರಿಂದ’ ಎಂಬಂಥ ಉದ್ದದ ಪದ ಇಕ್ಕಟ್ಟಿನ ಕಾಲಂಗೆ ಬಂದರೆ ಪೆಟ್ಟಿಗೆಯೇ ಹಿಗ್ಗಿ ಪುಟ ಮುರಿಯುತ್ತಿತ್ತು. ಪದಕ್ಕೆ ಪ್ರತ್ಯಯ ಪೋಣಿಸುತ್ತ ಹೋಗುವ ಕನ್ನಡಕ್ಕೆ ಈ ಏಟು ಜಾಸ್ತಿ.

ಮೂಲ ದೋಷ ಇನ್ನೂ ಆಳದಲ್ಲಿದೆ. ತೇಲಿಬಿಟ್ಟ ಪೆಟ್ಟಿಗೆ ಪುಟದ ಸಹಜ ಹರಿವಿನಿಂದ ಹೊರಗುಳಿಯುತ್ತದೆ. ಒಳಗಿರುವುದೆಲ್ಲ ಫ್ಲೋಟ್ ಆದರೆ ಹೊರಪೆಟ್ಟಿಗೆಯ ಎತ್ತರ ಸೊನ್ನೆ. ಹಿನ್ನೆಲೆಯ ಬಣ್ಣ ಮಾಯ, ಅಡಿಬರಹ ಮೇಲೇರುತ್ತದೆ. ಅದಕ್ಕೆ ಕ್ಲಿಯರ್‌ಫಿಕ್ಸ್ ಎಂಬ ತೇಪೆ. ಅಕ್ಕಪಕ್ಕದ ಕಾಲಂಗಳು ಸಮ ಎತ್ತರಕ್ಕೆ ನಿಲ್ಲವು. ಅದಕ್ಕೆ 2004ರಲ್ಲಿ ವಿನ್ಯಾಸಕ ಡ್ಯಾನ್ ಸೀಡರ್‌ಹೋಮ್ ತೋರಿಸಿದ ಉಪಾಯ, ಕಾಲಂನಂತೆ ಕಾಣುವ ಹಿನ್ನೆಲೆ ಚಿತ್ರ. ಒಂದೊಂದೂ ಜಾಣ್ಮೆಯದೇ. ಆದರೆ ವರ್ಷದ ನಂತರ ಆ ಕೋಡ್ ತೆರೆದವರಿಗೆ ಕಾಣುವುದು ‘ಬಲ ಮಾರ್ಜಿನ್ 260’ ಎಂಬ ಅಂಕಿ ಮಾತ್ರ. ಪಕ್ಕದ 240ರ ಕಾಲಂಗೂ ನಡುವಿನ 20ಕ್ಕೂ ಬಿಟ್ಟ ಜಾಗವದು ಎಂದು ಕೋಡ್ ಎಲ್ಲೂ ಹೇಳುವುದಿಲ್ಲ. ಉದ್ದೇಶವನ್ನು ಹೇಳಲಾರದ ಕೋಡ್ ಮುಂದಿನವರ ಪಾಲಿಗೆ ಸಾಲ.

2017ರ ಮಾರ್ಚ್‌ನಲ್ಲಿ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರರಲ್ಲೂ ಸಿಎಸ್‌ಎಸ್‌ನ ಗ್ರಿಡ್ ಬಂತು, ಪುಟವನ್ನು ಕಾಲಂಗಳಾಗಿ ಹಂಚಲೆಂದೇ ಇರುವ ವಿಧಾನ. ಒಂದು ಕಾಲಂ 240, ಉಳಿದದ್ದು ಇನ್ನೊಂದಕ್ಕೆ, ನಡುವೆ 20 ಎಂದು ಬರೆದರೆ ಸಾಕು. ಎತ್ತರ ತಾನಾಗಿ ಸಮವಾಗುತ್ತದೆ. ಹಳೆಯ ಫ್ಲೋಟ್ ಪುಟ ಕೆಟ್ಟಿಲ್ಲವೆಂದರೆ ಕೆಡವಬೇಕಿಲ್ಲ. ಹೊಸದಾಗಿ ಕಟ್ಟುವಾಗ ಕಾಲಂಗಳನ್ನು ಗ್ರಿಡ್‌ಗೆ ವಹಿಸಿ, ಫ್ಲೋಟ್ ಅನ್ನು ಚಿತ್ರದ ಪಕ್ಕಕ್ಕೆ ಮರಳಿಸೋಣ.