ಎರಡನೇ ಕೃಷ್ಣ ಬಂದ: ‘ಡಾಕ್ಟರ್ ಹೂ’ ರಸಿಕರಿಗೊಂದು ಕೈಪಿಡಿ

ದೇವನಹಳ್ಳಿ ತಾಲ್ಲೂಕಿನ ನಮ್ಮ ನಲ್ಲೂರಿನ ಕಡೆ ಕುರುಕ್ಷೇತ್ರ ನಾಟಕ ಕಟ್ಟಿದರೆ ಕೃಷ್ಣನ ಪಾತ್ರ ಒಬ್ಬರಿಗೇ ಸಿಗುವುದಿಲ್ಲ. ಸಂಧಾನಕ್ಕೆ ಹೋಗುವ ಕೃಷ್ಣ ಒಬ್ಬ, ರಥ ನಡೆಸುವ ಕೃಷ್ಣ ಮತ್ತೊಬ್ಬ. ಪರದೆ ಸರಿದಾಗ ಎತ್ತರ ಬೇರೆ, ಕಂಠ ಬೇರೆ. ‘ಎರಡನೇ ಕೃಷ್ಣ ಬಂದ’ ಎಂದುಕೊಂಡು ಜನ ಪದ್ಯಕ್ಕೆ ಕಿವಿಗೊಡುತ್ತಾರೆ. ಇವನು ಯಾರು ಎಂದು ಯಾರೂ ಕೇಳುವುದಿಲ್ಲ. ಈ ಅಭ್ಯಾಸ ಇದ್ದವರಿಗೆ ಅರವತ್ತು ವರ್ಷ ದಾಟಿದ ಬ್ರಿಟಿಷ್ ವಿಜ್ಞಾನ ಕಥಾ ಧಾರಾವಾಹಿ ‘ಡಾಕ್ಟರ್ ಹೂ’ ಕಷ್ಟವಲ್ಲ. ಅರ್ಧ ಪಾಠ ಆಗಲೇ ಕಲಿತಿದ್ದೀರಿ.

ಹುಟ್ಟಿದ ಕಥೆ

1963ರ ನವೆಂಬರ್ 23ರ ಸಂಜೆ ಬಿಬಿಸಿಯಲ್ಲಿ ಮೊದಲ ಕಂತು ಬಂತು. ಹಿಂದಿನ ದಿನವಷ್ಟೇ ಅಮೆರಿಕದ ಅಧ್ಯಕ್ಷ ಕೆನಡಿಯ ಹತ್ಯೆಯಾಗಿತ್ತು. ಹಾಗಾಗಿ ಮುಂದಿನ ವಾರ ಆ ಕಂತನ್ನು ಮತ್ತೊಮ್ಮೆ ತೋರಿಸಿ, ಆಮೇಲೆ ಎರಡನೆಯದಕ್ಕೆ ಹೋದರು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್. ಆ ಮೊದಲ ಕಥೆಯ ನಿರ್ದೇಶಕ ವಾರಿಸ್ ಹುಸೇನ್ ಲಖನೌದಲ್ಲಿ ಹುಟ್ಟಿದವರು. ಇಂಗ್ಲೆಂಡಿನ ಮನೆಮನೆಯ ಧಾರಾವಾಹಿಗೆ ಅಡಿಪಾಯ ಹಾಕಿದ್ದು ಒಬ್ಬ ಯುವತಿ ಮತ್ತು ಭಾರತದ ಒಬ್ಬ ಯುವಕ ಎಂಬುದನ್ನು ನೆನಪಿಟ್ಟುಕೊಂಡೇ ನೋಡಲು ಕೂರಿ.

ಕಥೆಯ ಎಳೆ ಸರಳ. ಬೇರೆ ಲೋಕದ ಒಬ್ಬ ಅಲೆಮಾರಿ, ಹೆಸರು ಬರೀ ‘ಡಾಕ್ಟರ್’. ಅವನ ವಾಹನ ಟಾರ್ಡಿಸ್: ಹೊರಗಿನಿಂದ ಲಂಡನ್ ಬೀದಿಯ ನೀಲಿ ಪೊಲೀಸ್ ಪೆಟ್ಟಿಗೆ, ಒಳಗೆ ಹೊಕ್ಕರೆ ಅರಮನೆಯಷ್ಟು ವಿಶಾಲ. ಅದು ಯಾವ ಕಾಲಕ್ಕೂ ಯಾವ ಗ್ರಹಕ್ಕೂ ಹೋಗುತ್ತದೆ.

ಮುಖ ಬದಲಾದಾಗ

1966ರಲ್ಲಿ ಮೊದಲ ಡಾಕ್ಟರ್ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೈಕೊಟ್ಟಿತು. ಧಾರಾವಾಹಿ ನಿಲ್ಲಿಸುವ ಬದಲು ಬರಹಗಾರರು ಪಾತ್ರಕ್ಕೇ ಒಂದು ಗುಣ ಕೊಟ್ಟರು: ಸಾಯುವ ಹೊತ್ತಿಗೆ ಡಾಕ್ಟರ್ ಹೊಸ ದೇಹ ತಳೆಯುತ್ತಾನೆ. ಎರಡನೇ ಡಾಕ್ಟರ್ ಆಗಿ ಪ್ಯಾಟ್ರಿಕ್ ಟ್ರೌಟನ್ ಎದ್ದು ಕೂತರು.

ನಮ್ಮೂರಿನ ಹುಣಸೆ ತೋಪಿಗೆ ಬಂದು ನೋಡಿ. 2007ರಲ್ಲಿ ದೇಶದ ಮೊದಲ ಪಾರಂಪರಿಕ ಜೀವವೈವಿಧ್ಯ ತಾಣ ಎಂದು ಘೋಷಣೆಯಾದದ್ದು ಇದೇ ತೋಪು. ಅಲ್ಲಿ ಬುಡ ಪೊಳ್ಳಾಗಿ ಸೀಳಿದ ಮರದ ಮೈಯಿಂದಲೇ ಎಳೆ ಚಿಗುರು ಎದ್ದಿರುತ್ತದೆ. ಚಿಗುರು ಹೊಸದು, ಬೇರು ಹಳೆಯದು. ಡಾಕ್ಟರನ್ನೂ ಹೀಗೇ ನೋಡಬೇಕು. ಹೊಸ ನಟ ಬಂದಾಗ ಹಳಬರಿಗೆ ಹೋಲಿಸಿ ಬೇಸರಪಡಬೇಡಿ. ಅದೇ ಕುತೂಹಲ, ಆಯುಧ ಹಿಡಿಯಲು ಅದೇ ಹಿಂಜರಿಕೆ ಹೊಸ ಮೈಯಲ್ಲಿ ಹೇಗೆ ಮೂಡಿದೆ ಎಂದು ಹುಡುಕಿ. 2018ರ ಸರಣಿಯಲ್ಲಿ ಜೋಡಿ ವಿಟೇಕರ್ ಮೊದಲ ಮಹಿಳಾ ಡಾಕ್ಟರ್ ಆಗಿ ಬಂದಾಗಲೂ ಬೇರು ಅದೇ ಆಗಿತ್ತು.

ಕಿವಿಯಿಂದಲೂ ನೋಡಿ

ಶೀರ್ಷಿಕೆ ಸಂಗೀತವನ್ನು ಹಾರಿಸಬೇಡಿ. ರಾಗ ಹಾಕಿದವರು ರಾನ್ ಗ್ರೇನರ್. ಅದಕ್ಕೆ ನಾದ ಕೊಟ್ಟವರು ಡೀಲಿಯಾ ಡರ್ಬಿಶೈರ್. ಸಿಂಥಸೈಸರ್ ಕೈಗೆಟುಕದ ಕಾಲ ಅದು. ಮೀಟಿದ ಒಂದು ತಂತಿಯ ಸದ್ದು, ಯಂತ್ರದ ಒಂದು ಸಿಳ್ಳು, ಇಂಥವನ್ನೇ ಟೇಪಿಗೆ ಹಿಡಿದು, ವೇಗ ಬದಲಿಸಿ ಶ್ರುತಿ ಮಾಡಿ, ಒಂದೊಂದು ಸ್ವರವನ್ನೂ ಬ್ಲೇಡಿನಲ್ಲಿ ಕತ್ತರಿಸಿ ಅಂಟಿಸಿದರು. ಟಾರ್ಡಿಸ್ ಏದುಸಿರು ಬಿಡುವ ಸದ್ದು ಹುಟ್ಟಿದ್ದು ಪಿಯಾನೋದ ದಪ್ಪ ತಂತಿಯ ಮೇಲೆ ಬ್ರಯನ್ ಹಾಡ್ಜ್‌ಸನ್ ಬೀಗದ ಕೈ ಎಳೆದಾಗ.

ಹಳೆಯ ಕಂತುಗಳ ಸೆಟ್ಟು ಅಲುಗಾಡುತ್ತದೆ, ರಾಕ್ಷಸರು ರಬ್ಬರಿನವರು ಎಂದು ಕೆಲವರು ಮೂಗು ಮುರಿಯುತ್ತಾರೆ. ಬಟ್ಟೆಯ ಮೇಲೆ ಬರೆದ ಸೀನರಿಯನ್ನು ನಾವು ಹಸ್ತಿನಾವತಿ ಎಂದು ಒಪ್ಪಿದವರು. ಇಲ್ಲೂ ಅಷ್ಟೇ ಉದಾರವಾಗಿ ಕಣ್ಣು ಕೊಡಿ, ಕಥೆ ಉಳಿದದ್ದನ್ನು ಕೊಡುತ್ತದೆ.

ಎಲ್ಲಿಂದ ಶುರು ಮಾಡುವುದು

ಮೊದಲಿನಿಂದ ಸಾಲಾಗಿ ನೋಡುವ ಹಟ ಬೇಡ. ಬಿಬಿಸಿ ಹಳೆಯ ಟೇಪುಗಳನ್ನು ಅಳಿಸಿದ್ದರಿಂದ 1960ರ ದಶಕದ ಎಷ್ಟೋ ಕಂತುಗಳು ಇವತ್ತಿಗೂ ಇಲ್ಲ. 1989ರಲ್ಲಿ ನಿಂತ ಧಾರಾವಾಹಿ 2005ರಲ್ಲಿ ಮತ್ತೆ ಶುರುವಾಯಿತು. 2007ರ ‘ಬ್ಲಿಂಕ್’ ಕಂತು ಮೊದಲು ನೋಡಿ. ಕಣ್ಣಿಟ್ಟು ನೋಡುತ್ತಿರುವವರೆಗೂ ಕಲ್ಲಾಗಿರುವ, ರೆಪ್ಪೆ ಬಡಿದರೆ ಹತ್ತಿರ ಬಂದುಬಿಡುವ ದೇವದೂತರ ಪ್ರತಿಮೆಗಳು ಅದರಲ್ಲಿವೆ. ಇದೇ ಹೆಸರಿನ ನಮ್ಮ ಕನ್ನಡ ಚಿತ್ರವೂ 2024ರಲ್ಲಿ ಬಂತು. ಶ್ರೀನಿಧಿ ಬೆಂಗಳೂರು ನಿರ್ದೇಶಿಸಿದ ಅದರಲ್ಲೂ ಕಾಲದ ಆಟವೇ. ಕಥೆಗಳಿಗೆ ಸಂಬಂಧವಿಲ್ಲ, ಆದರೆ ಎರಡನ್ನೂ ನೋಡಿದರೆ ಕಾಲವನ್ನು ಕಥೆಯಾಗಿ ಮಡಿಸುವ ಎರಡು ದಾರಿ ತಿಳಿಯುತ್ತದೆ.

ಆಮೇಲೆ 2018ರ ‘ಡೀಮನ್ಸ್ ಆಫ್ ದಿ ಪಂಜಾಬ್’. ಬರೆದವರು ವಿನಯ್ ಪಟೇಲ್. ಅಜ್ಜಿ ಬಾಯಿಬಿಡದ ಗುಟ್ಟನ್ನು ಹುಡುಕಿ ಮೊಮ್ಮಗಳು ಡಾಕ್ಟರ್ ಜೊತೆ 1947ರ ಆಗಸ್ಟ್‌ಗೆ ಹೋಗುತ್ತಾಳೆ. ಅಲ್ಲಿ ಹಿಂದೂ ಹುಡುಗನಿಗೂ ಮುಸ್ಲಿಂ ಹುಡುಗಿಗೂ ಮದುವೆ, ಊರ ನಡುವೆ ಹೊಸ ಗಡಿ. ಕೊಲ್ಲಲು ಬಂದವರೆಂದು ನಾವು ಹೆದರಿದ ಅನ್ಯಲೋಕದವರು ಬಂದದ್ದು, ದಿಕ್ಕಿಲ್ಲದೆ ಸಾಯುವವರ ಪಕ್ಕ ನಿಂತು ಗೌರವ ಸಲ್ಲಿಸಲು. ಕೊಲ್ಲುವವರು ಮನುಷ್ಯರೇ, ಅದೂ ಮನೆಯವರೇ. ನಡೆದದ್ದನ್ನು ಡಾಕ್ಟರ್ ಕೂಡ ತಪ್ಪಿಸಲಾರಳು.

ಈ ಕಂತನ್ನು ಒಬ್ಬರೇ ನೋಡಬೇಡಿ. ಮನೆಯ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮಾತುಗಳನ್ನು ಕನ್ನಡದಲ್ಲಿ ಹೇಳುತ್ತಾ ನೋಡಿ. ಮುಗಿದ ಮೇಲೆ ಟಿವಿ ಆರಿಸಿ, ಅವರ ಮದುವೆ ಹೇಗಾಯಿತು ಅಂತ ಕೇಳಿ.