ಗೇಣಿ, ಕುಮ್ಕಿ ಮತ್ತು ಸಮೀಕ್ಷೆ: ಭೂಸುಧಾರಣೆಯ ಒಂದು ಅರ್ಥಶಾಸ್ತ್ರೀಯ ಅಧ್ಯಯನದ ವಿಮರ್ಶೆ

ದಕ್ಷಿಣ ಕನ್ನಡದ ಗ್ರಾಮಜೀವನವನ್ನು ಭೂಸುಧಾರಣೆಯಷ್ಟು ಆಳವಾಗಿ ಪಲ್ಲಟಗೊಳಿಸಿದ ಶಾಸನಗಳು ವಿರಳ. ದೇವರಾಜ ಅರಸು ಅವರ ಆಡಳಿತಕಾಲದ ತಿದ್ದುಪಡಿಯನ್ವಯ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರಕಾರದಲ್ಲಿ ನಿಹಿತವಾದವು. ಭೂ ನ್ಯಾಯಮಂಡಳಿಗಳ ಮೂಲಕ ಚಾಲಗೇಣಿಯ ಒಕ್ಕಲುಗಳಲ್ಲಿ ಅನೇಕರು ಭೂಮಾಲಿಕರಾದರು. ಗೇಣಿಚೀಟಿಯೇ ಇಲ್ಲದ ಕೂಲಿಗಳ ಪಾಲಿಗೆ ಈ ಶಾಸನ ಏನನ್ನು ತಂದಿತು ಎಂಬುದು ಇಂದಿಗೂ ಜೀವಂತವಾಗಿರುವ ಪ್ರಶ್ನೆ.

ಟಿಮೊತಿ ಬೆಸ್ಲಿ, ಜೆಸ್ಸಿಕಾ ಲೈಟ್, ರೋಹಿಣಿ ಪಾಂಡೆ ಮತ್ತು ವಿಜಯೇಂದ್ರ ರಾವ್ ಅವರು 2016ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಪ್ರಶ್ನೆಯನ್ನು ಅಂಕಿಅಂಶಗಳ ಬಲದಿಂದ ಎದುರಿಸುತ್ತದೆ. ಭಾಷೆ ಒಂದೇ ಆಗಿದ್ದರೂ ದಕ್ಷಿಣ ಭಾರತದ ಬೇರೆ ಬೇರೆ ರಾಜ್ಯಗಳಿಗೆ ಸೇರಿದ ಗಡಿಪ್ರದೇಶಗಳನ್ನು ಹೋಲಿಸುವುದು ಅದರ ವಿಧಾನ. ಸುಧಾರಣೆ ತೀವ್ರವಾಗಿದ್ದೆಡೆ ಮೂವತ್ತು ವರ್ಷಗಳ ತರುವಾಯ ಭೂ ಅಸಮಾನತೆ ಕಡಿಮೆಯಿದೆ, ಕೃಷಿಕೂಲಿಯೂ ಏರಿದೆ. ಆದರೆ ಸ್ವಂತ ಸಾಗುವಳಿ ಹೆಚ್ಚಿದ್ದು ಮಧ್ಯಮ ಜಾತಿಗಳಲ್ಲಿ; ಕೆಳಜಾತಿಯ ಕುಟುಂಬಗಳು ದಿನಗೂಲಿಯತ್ತ ಸರಿದವು ಎಂಬುದು ಅದರ ತೀರ್ಮಾನ. ಸುಧಾರಣೆಯ ಫಲ ಎಲ್ಲರಿಗೂ ಸಮನಾಗಿ ದಕ್ಕಲಿಲ್ಲವೆಂದು ತೋರಿಸಿದ್ದು ಈ ಅಧ್ಯಯನದ ಹಿರಿಮೆ.

ಇಂತಹ ತೀರ್ಮಾನವನ್ನು ನೀತಿಯಾಗಿ ಪರಿವರ್ತಿಸುವಲ್ಲಿ ತೊಡಕು ಆರಂಭವಾಗುತ್ತದೆ. ಅದೇ 2016ರಲ್ಲಿ ನೀತಿ ಆಯೋಗದ ತಜ್ಞರ ಸಮಿತಿಯು ಗೇಣಿಯನ್ನು ಮತ್ತೆ ಶಾಸನಬದ್ಧಗೊಳಿಸುವ ಮಾದರಿ ಕಾಯಿದೆಯನ್ನು ಮುಂದಿಟ್ಟಿತು. ಗೇಣಿಯ ಅವಧಿ, ಪ್ರಮಾಣಗಳನ್ನು ಅದು ಉಭಯಪಕ್ಷಗಳ ಒಪ್ಪಂದಕ್ಕೆ ಬಿಡುತ್ತದೆ. ಗೇಣಿಯ ನಿರ್ಬಂಧದಿಂದ ಬಡವರಿಗೆ ಭೂಮಿ ದೂರವಾಯಿತೆಂದಾದರೆ, ನಿರ್ಬಂಧ ತೆಗೆದೊಡನೆ ಭೂಮಿ ದಕ್ಕುವುದೆಂಬ ವಾದ ಸುಲಭವಾಗಿ ಹುಟ್ಟುತ್ತದೆ. ಪುತ್ತೂರು, ಸುಳ್ಯ ಹಾಗೂ ಆ ಎರಡು ತಾಲೂಕುಗಳ ಗ್ರಾಮಗಳಿಂದ ರೂಪುಗೊಂಡ ಕಡಬದಲ್ಲಿ ಈ ವಾದ ನಿಲ್ಲುವುದು ಕಷ್ಟ. ಇಲ್ಲಿ ಗದ್ದೆಗಳು ಬಹುಮಟ್ಟಿಗೆ ಅಡಿಕೆ ತೋಟಗಳಾಗಿವೆ. ಬತ್ತ ಒಂದು ಹಂಗಾಮಿನ ಬೆಳೆ; ಅಡಿಕೆಯಾದರೋ ಫಸಲಿಗೆ ಬರಲು ಐದಾರು ವರ್ಷ ಕಾಯಬೇಕು. ಅಲ್ಪಾವಧಿಯ ಗೇಣಿಗೆ ಸಸಿ ನೆಡುವ ಬಡವನಿರಲಾರ. ದೀರ್ಘಾವಧಿಗೆ ತೋಟ ಬಿಟ್ಟುಕೊಡುವ ಮಾಲಿಕನೂ ಅಪರೂಪ.

ಎರಡನೆಯ ತೊಡಕು ‘ಭೂಮಿ’ ಎಂಬ ಪದದ ವ್ಯಾಪ್ತಿಗೆ ಸಂಬಂಧಿಸಿದ್ದು. ವರ್ಗ ಜಮೀನಿನ ಸುತ್ತಣ 100 ಗಜದೊಳಗಿನ ಸರಕಾರಿ ನೆಲದಲ್ಲಿ ಸೊಪ್ಪು, ಕಟ್ಟಿಗೆ ಪಡೆಯುವ ಕುಮ್ಕಿ ಸವಲತ್ತು ಈ ಜಿಲ್ಲೆಯ ವಿಶೇಷ. ಒಡೆತನವನ್ನು ಎಕರೆಗಳಲ್ಲಿ ಮಾತ್ರ ಲೆಕ್ಕ ಹಾಕುವ ಸಮೀಕ್ಷೆಗೆ ಕುಮ್ಕಿ ಕಾಣದು. ಗೊಬ್ಬರದ ಸೊಪ್ಪಿಲ್ಲದೆ ತೋಟವಿಲ್ಲವೆಂಬ ಪ್ರದೇಶದಲ್ಲಿ ಇದು ಸಣ್ಣ ಲೋಪವಲ್ಲ.

ಜಾನಪದದ ಸಾಕ್ಷ್ಯ ಇಲ್ಲಿ ಪ್ರಸ್ತುತವಾಗುತ್ತದೆ. ಪಡುಮಲೆಯಿಂದ ಎಣ್ಮೂರಿನವರೆಗೆ ಹರಡಿರುವ ಕೋಟಿ-ಚೆನ್ನಯರ ಪಾಡ್ದನದಲ್ಲಿ ಬುದ್ಯಂತನೊಡನೆ ನಡೆವ ಜಗಳಕ್ಕೆ ಗದ್ದೆ, ನೀರುಗಳೇ ನೆಲೆ. ಅಲ್ಲಿ ಭೂಮಿಯೆಂದರೆ ನೀರಿನ ಸರದಿ, ಗೌರವ, ಕಟ್ಟುಕಟ್ಟಳೆಗಳ ಸಮುಚ್ಚಯ. ನೇಜಿ ನೆಡುವ ಹೆಂಗಸರು ಪಾಡ್ದನ ಹಾಡುತ್ತಿದ್ದರು. ಗದ್ದೆ ತೋಟವಾದಾಗ ಕೂಲಿಯೊಂದಿಗೆ ಹಾಡುವ ನೆಲೆಯೂ ಕುಗ್ಗಿತು. ಆದರೆ ಪಾಡ್ದನವು ಕೂಲಿಯ ದರವನ್ನಾಗಲಿ, ಎಷ್ಟು ಕುಟುಂಬಗಳು ಭೂಮಿ ಕಳೆದುಕೊಂಡವೆಂಬುದನ್ನಾಗಲಿ ಹೇಳಲಾರದು. ಜಾನಪದ ವಿದ್ವಾಂಸರು ಈ ಮಿತಿಯನ್ನು ಒಪ್ಪಿಕೊಳ್ಳದಿದ್ದರೆ ಅವರ ವಾದ ಹಳಹಳಿಕೆಯಾಗಿ ಮುಗಿದೀತು.

ಒಟ್ಟಿನಲ್ಲಿ, ದಕ್ಷಿಣ ಭಾರತದ ಸರಾಸರಿಯು ಪ್ರಶ್ನೆಯನ್ನು ಸರಿಯಾಗಿ ಎತ್ತುತ್ತದೆ. ಉತ್ತರವನ್ನು ಆಯಾ ಸೀಮೆಯಲ್ಲಿಯೇ ಅರಸಬೇಕಾಗುತ್ತದೆ. ಹೊಸ ಗೇಣಿ ಶಾಸನಕ್ಕೆ ಮುನ್ನ ಬೆಳೆಯ ಅವಧಿ, ಕುಮ್ಕಿಯ ಅನುಭೋಗ, ಕೂಲಿ ಹೆಂಗಸರ ನೆನಪು ಇವು ಮೂರನ್ನೂ ಸಮೀಕ್ಷೆಯೊಳಗೆ ತರುವುದು ಅಗತ್ಯ. ಇಲ್ಲವಾದಲ್ಲಿ 1974ರಲ್ಲಿ ಗೇಣಿಚೀಟಿಯಿಲ್ಲದೆ ಹೊರಗುಳಿದವರು ಈ ಸಲವೂ ಹೊರಗೇ ಉಳಿಯುವರು.